ಮೇವು ಕತ್ತರಿಸುವ ಯಂತ್ರದ ಬ್ಲೇಡು: ಸಾಣೆ ಹಿಡಿಯುವಾಗ ನೀಲಿ ಬಣ್ಣ ಕಂಡರೆ ಎಚ್ಚರ



ಈ ಸಲದ ಪಾಠದಲ್ಲಿ ಕೆಚ್ಚಲು ಬಾವು, ಗರ್ಭಧಾರಣೆ, ಖನಿಜ ಮಿಶ್ರಣಗಳ ಮಾತಿಲ್ಲ. ಮೇವು ಕತ್ತರಿಸುವ ಯಂತ್ರದ ಬ್ಲೇಡಿಗೆ ಸಾಣೆ ಹಿಡಿಯುವಾಗ ಹುಟ್ಟುವ ಶಾಖದ ಮಾತಿದೆ. ಪಶುವೈದ್ಯರಿಗೂ ಸಾಣೆ ಕಲ್ಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಮೂರು ಬಗೆಯದು.

ಮೊದಲನೆಯದು ಮೇವು. ದಾವಣಗೆರೆ, ಹರಿಹರ ಸುತ್ತಿನ ಭದ್ರಾ ನಾಲೆಯ ಊರುಗಳಲ್ಲಿ ಭತ್ತದ ಹುಲ್ಲು, ಮಳೆಯಾಶ್ರಯದ ಊರುಗಳಲ್ಲಿ ಮೆಕ್ಕೆಜೋಳದ ದಂಟು ನಮ್ಮ ರಾಸುಗಳ ಮುಖ್ಯ ಒಣಮೇವು. ಎರಡೂ ಬ್ಲೇಡಿಗೆ ಶತ್ರುಗಳೇ. ಭತ್ತದ ಹುಲ್ಲಿನಲ್ಲಿ ಮರಳಿನ ಜಾತಿಯ ಸಿಲಿಕ ಹೆಚ್ಚು. ಒಣಗಿದ ಮೆಕ್ಕೆಜೋಳದ ದಂಟಿನ ಸಿಪ್ಪೆ ಗಡುಸು, ಬುಡದಲ್ಲಿ ಮಣ್ಣು ಬೇರೆ ಅಂಟಿರುತ್ತದೆ. ಬ್ಲೇಡು ಬೇಗ ಮೊಂಡಾಗುತ್ತದೆ. ಮೊಂಡ ಬ್ಲೇಡು ದಂಟನ್ನು ಕತ್ತರಿಸುವುದಿಲ್ಲ, ಜಜ್ಜಿ ಹರಿಯುತ್ತದೆ. ಉದ್ದುದ್ದ ತುಂಡುಗಳನ್ನು ರಾಸು ಗೋದಲಿಯಲ್ಲಿಯೇ ಬಿಡುತ್ತದೆ. ನೀವು ಬೆವರು ಸುರಿಸಿ ತಂದ ಮೇವು ತಿಪ್ಪೆ ಸೇರುತ್ತದೆ.

ಎರಡನೆಯದು ನಿಮ್ಮ ಕೈ. ಬ್ಲೇಡು ಮೊಂಡಾದಾಗ ಮೇವು ಯಂತ್ರದ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದ್ದನ್ನು ಕೈಯಿಂದ ಒಳಗೆ ತಳ್ಳುವ ಆತುರದಲ್ಲಿಯೇ ಬೆರಳು ಹೋಗುವುದು. ಹರಿತವಾದ ಬ್ಲೇಡಿಗಿಂತ ಮೊಂಡ ಬ್ಲೇಡೇ ಕೈಗೆ ಹೆಚ್ಚು ಅಪಾಯ ಎಂಬುದು ವಿಚಿತ್ರವಾಗಿ ಕಂಡರೂ ನಿಜ.

ಮೂರನೆಯದು ರಾಸುವಿನ ಹೊಟ್ಟೆ. ಸಾಣೆಯ ಶಾಖದಲ್ಲಿ ಹದ ಕೆಟ್ಟ ಬ್ಲೇಡಿನ ಅಂಚು ಮಡಚುತ್ತದೆ, ಸೀಳುತ್ತದೆ, ಕೆಲವೊಮ್ಮೆ ಚೂರಾಗಿ ಉದುರುತ್ತದೆ. ಆ ಚೂರು ಮೇವಿನೊಡನೆ ಹೊಟ್ಟೆ ಸೇರಿದರೆ ಮುಂದಿನ ಕಥೆ ವೈದ್ಯರದು.

ಬ್ಲೇಡು ಮೊಂಡಾಯಿತೆಂದು ಸಾಣೆ ಹಿಡಿಸುತ್ತೀರಿ. ಎರಡು ದಿನ ಚೆನ್ನಾಗಿ ಕತ್ತರಿಸುತ್ತದೆ, ಮೂರನೆಯ ದಿನ ಮತ್ತೆ ಮೊಂಡು. ಆಗ "ಬ್ಲೇಡಿನ ಉಕ್ಕೇ ಸರಿಯಿಲ್ಲ" ಎನ್ನುತ್ತೇವೆ. ಬಹಳ ಸಲ ತಪ್ಪು ಉಕ್ಕಿನದಲ್ಲ, ಸಾಣೆ ಹಿಡಿದ ಬಗೆಯದು. ಅದನ್ನು ತಿಳಿಯಲು ಸ್ವಲ್ಪ ಹಿಂದಿನಿಂದ ಆರಂಭಿಸೋಣ.

ಹರಿತ ಬೇರೆ, ಹದ ಬೇರೆ

ಬ್ಲೇಡಿಗೆ ಎರಡು ಗುಣ ಬೇಕು. ಒಂದು ಹರಿತ, ಎಂದರೆ ಅಂಚು ತೆಳ್ಳಗಿರುವುದು. ಇನ್ನೊಂದು ಹದ, ಎಂದರೆ ಆ ತೆಳು ಅಂಚು ಕೆಲಸಕ್ಕೆ ಬಗ್ಗದೆ, ಮುರಿಯದೆ ನಿಲ್ಲುವ ಗಟ್ಟಿತನ. ಹರಿತ ಕಣ್ಣಿಗೆ ಕಾಣುತ್ತದೆ, ಹದ ಕಾಣುವುದಿಲ್ಲ.

ಹದ ಕೊಡುವ ಕೆಲಸ ನಮ್ಮ ಕಮ್ಮಾರರಿಗೆ ಹೊಸದಲ್ಲ. ಹಿಂದೆ ಯುರೋಪಿನವರು ನಮ್ಮ ದಕ್ಷಿಣದ ಉಕ್ಕನ್ನು 'ವೂಟ್ಜ್' ಎಂದು ಕರೆದರು. ಆ ಹೆಸರು ಕನ್ನಡದ 'ಉಕ್ಕು' ಎಂಬ ಮಾತಿನಿಂದಲೇ ಬಂದಿತೆಂದು ವಿದ್ವಾಂಸರು ಹೇಳುತ್ತಾರೆ. ಕಮ್ಮಾರರು ಉಕ್ಕನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಹೀಗೆ ತಟ್ಟನೆ ತಣಿದ ಉಕ್ಕು ಬಹಳ ಗಟ್ಟಿಯಾಗುತ್ತದೆ, ಆದರೆ ಗಾಜಿನಂತೆ ಬಿರುಸಾಗುತ್ತದೆ. ಆ ಬಿರುಸನ್ನು ಮುರಿಯಲು ಮತ್ತೊಮ್ಮೆ ಮಂದ ಶಾಖ ಕೊಡುತ್ತಾರೆ. ಕಾರ್ಖಾನೆಯಲ್ಲಿ ಬ್ಲೇಡು ತಯಾರಿಸುವವರೂ ಇದನ್ನೇ ಒಲೆಯ ಉಷ್ಣಾಂಶ ಅಳೆದು ಮಾಡುತ್ತಾರೆ. ಈ ಎರಡನೆಯ ಶಾಖ ಎಷ್ಟಿತ್ತೋ ಅದನ್ನು ಮೀರಿ ಬ್ಲೇಡು ಮತ್ತೆ ಯಾವಾಗ ಕಾದರೂ ಅದರ ಗಟ್ಟಿತನ ಇಳಿಯಲು ಆರಂಭವಾಗುತ್ತದೆ. ಕುಲುಮೆಯಲ್ಲಿ ಕಾದರೂ ಅಷ್ಟೇ, ಸಾಣೆ ಚಕ್ರದ ಮೇಲೆ ಕಾದರೂ ಅಷ್ಟೇ. ಉಕ್ಕಿಗೆ ಶಾಖ ಎಲ್ಲಿಂದ ಬಂತೆಂಬ ಭೇದವಿಲ್ಲ.

ಆದುದರಿಂದ ಸಾಣೆ ಹಿಡಿಯುವಾಗ ನಾವು ಒಂದು ಕೈಯಲ್ಲಿ ಹರಿತ ಕೊಡುತ್ತಾ ಇನ್ನೊಂದು ಕೈಯಲ್ಲಿ ಹದ ಕಳೆಯುವ ಸಂಭವ ಯಾವಾಗಲೂ ಇದೆ.

ಶಾಖ ಬೇರೆ, ಉಷ್ಣಾಂಶ ಬೇರೆ

ಸಾಣೆ ಚಕ್ರದಿಂದ ಹಾರುವ ಕಿಡಿ ಕೈ ಮೇಲೆ ಬಿದ್ದರೆ ಚುರ್ ಎನ್ನುತ್ತದೆ, ಅಷ್ಟೆ. ಕಿಡಿಯ ಉಷ್ಣಾಂಶವಾದರೋ 1000 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿರುತ್ತದೆ. ಉಕ್ಕಿನ ಸಣ್ಣ ಕಣ ಗಾಳಿಯಲ್ಲಿ ಉರಿಯುವುದರಿಂದಲೇ ಅದು ಬೆಳಗುವುದು. ಹಾಗಿದ್ದೂ ಕೈ ಸುಡುವುದಿಲ್ಲ, ಏಕೆಂದರೆ ಕಣ ಬಹಳ ಸಣ್ಣದು, ಅದರಲ್ಲಿರುವ ಶಾಖದ ಮೊತ್ತ ಬಹಳ ಕಡಿಮೆ. ಒಂದು ಕ್ಯಾನು ಕಾದ ಹಾಲಿನಲ್ಲಿ ಉಷ್ಣಾಂಶ ನೂರು ಡಿಗ್ರಿಯೊಳಗೇ ಇದ್ದರೂ ಮೈ ಮೇಲೆ ಬಿದ್ದರೆ ಪ್ರಾಣಕ್ಕೇ ಸಂಚಕಾರ. ಅಲ್ಲಿ ಶಾಖದ ಮೊತ್ತ ದೊಡ್ಡದು. ವಸ್ತು ಎಷ್ಟು ಬಿಸಿಯಾಗಿದೆ ಎಂಬುದು ಉಷ್ಣಾಂಶ, ಅದರಲ್ಲಿ ಒಟ್ಟು ಎಷ್ಟು ತುಂಬಿದೆ ಎಂಬುದು ಶಾಖ.

ಹಾಗೆಂದು ಕಿಡಿಯನ್ನು ಹಗುರವಾಗಿ ನೋಡಬೇಡಿ. ನಮ್ಮ ಚರ್ಮಕ್ಕೆ ಏನೂ ಮಾಡದ ಕಿಡಿ, ತಾನೇ ತೆಳುವಾದ ಒಣಹುಲ್ಲಿನ ಎಸಳನ್ನೋ ಮೇವಿನ ಧೂಳನ್ನೋ ಹೊತ್ತಿಸಬಲ್ಲದು. ಬಣವೆಯ ಬಳಿ, ಕೊಟ್ಟಿಗೆಯಲ್ಲಿ, ಮೇವು ಕತ್ತರಿಸುವ ಜಾಗದಲ್ಲಿ ಸಾಣೆ ಹಿಡಿಯಲೇಬಾರದು.

ಈಗ ಇದೇ ಲೆಕ್ಕವನ್ನು ಬ್ಲೇಡಿಗೆ ಹಾಕಿ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕ್ಯಾಲೊರಿ ಶಾಖ ಬೇಕು. ಒಂದು ಗ್ರಾಂ ಉಕ್ಕಿಗೆ ಸುಮಾರು 0.11 ಕ್ಯಾಲೊರಿ ಸಾಕು. ಎಂದರೆ ಉಕ್ಕು ನೀರಿಗಿಂತ ಒಂಬತ್ತು ಪಟ್ಟು ಸುಲಭವಾಗಿ ಕಾಯುತ್ತದೆ. ಅರ್ಧ ಅಶ್ವಶಕ್ತಿಯ ಸಾಣೆ ಯಂತ್ರ ಸುಮಾರು 370 ವ್ಯಾಟ್ ಶಕ್ತಿಯದು. ಅದರಲ್ಲಿ 100 ವ್ಯಾಟ್ ಮಾತ್ರ ಬ್ಲೇಡಿನ ಅಂಚಿಗೆ ಶಾಖವಾಗಿ ಇಳಿಯುತ್ತಿದೆ ಎಂದುಕೊಳ್ಳಿ. ಅದು ಸೆಕೆಂಡಿಗೆ 24 ಕ್ಯಾಲೊರಿ. ಚಕ್ರ ತಾಗಿರುವ ಅಂಚಿನ ತೂಕ 5 ಗ್ರಾಂ ಎಂದುಕೊಂಡರೆ, ಅದನ್ನು ಒಂದು ಡಿಗ್ರಿ ಏರಿಸಲು 0.55 ಕ್ಯಾಲೊರಿ ಸಾಕು. 24ನ್ನು 0.55ರಿಂದ ಭಾಗಿಸಿ: ಸೆಕೆಂಡಿಗೆ ಸುಮಾರು 44 ಡಿಗ್ರಿ! 30 ಡಿಗ್ರಿಯಲ್ಲಿದ್ದ ಅಂಚು 300 ಡಿಗ್ರಿ ತಲುಪಲು ಆರು ಸೆಕೆಂಡು ಸಾಕು.

ನಿಜವಾಗಿ ಸ್ವಲ್ಪ ಶಾಖ ಬ್ಲೇಡಿನ ದಪ್ಪ ಭಾಗಕ್ಕೆ ಹರಿದುಹೋಗುತ್ತದೆ. ಆದರೆ ಅಂಚಿನ ತುತ್ತತುದಿ 5 ಗ್ರಾಂ ಕೂಡ ಇರುವುದಿಲ್ಲ, ಆದ್ದರಿಂದ ಅದು ಇನ್ನೂ ಬೇಗ ಕಾಯುತ್ತದೆ. ದಾವಣಗೆರೆಯ ಬೆಣ್ಣೆ ದೋಸೆಯನ್ನು ನೋಡಿಲ್ಲವೇ? ಕಾವಲಿ ಒಂದೇ, ಬೆಂಕಿ ಒಂದೇ. ನಡುವಿನ ದಪ್ಪ ಭಾಗ ಇನ್ನೂ ಮೆತ್ತಗಿರುವಾಗಲೇ ತೆಳು ಅಂಚು ಕೆಂಪಾಗಿ ಗರಿಗರಿಯಾಗಿರುತ್ತದೆ. ಬ್ಲೇಡಿನಲ್ಲಿಯೂ ತೆಳುವಾದ ಕಡೆಯೇ ಮೊದಲು ಸುಡುವುದು, ಮತ್ತು ಕೆಲಸ ಮಾಡಬೇಕಾದುದೂ ಆ ತೆಳು ಕಡೆಯೇ.

ಇಷ್ಟು ಶಾಖ ಎಲ್ಲಿಂದ ಬರುತ್ತದೆ?

1798ರಲ್ಲಿ ಕೌಂಟ್ ರಂಫರ್ಡ್ ಎಂಬ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಒಂದು ಪ್ರಯೋಗವನ್ನು ವಿವರಿಸಿದ. ಜರ್ಮನಿಯ ಮ್ಯೂನಿಕ್‌ನಲ್ಲಿ ಫಿರಂಗಿಗೆ ರಂಧ್ರ ಕೊರೆಯುವ ಕೆಲಸ ಆತನ ಉಸ್ತುವಾರಿಯಲ್ಲಿ ನಡೆಯುತ್ತಿತ್ತು. ಆತ ಬೇಕೆಂದೇ ಮೊಂಡಾದ ಬೈರಿಗೆಯನ್ನು ಹಾಕಿಸಿ, ಫಿರಂಗಿಯ ಲೋಹವನ್ನು ನೀರಿನ ಪೆಟ್ಟಿಗೆಯೊಳಗೆ ಕೂರಿಸಿ, ಕುದುರೆಯಿಂದ ತಿರುಗಿಸಿದ. ಎರಡೂವರೆ ಗಂಟೆಯಲ್ಲಿ ನೀರು ಕುದಿಯಿತು. ಒಲೆಯಿಲ್ಲ, ಬೆಂಕಿಯಿಲ್ಲ. ಕುದುರೆಯ ದುಡಿಮೆಯೇ ಉಜ್ಜಾಟದ ಮೂಲಕ ಶಾಖವಾಗಿತ್ತು. ನಮಗೆ ಇಲ್ಲಿ ಮುಖ್ಯವಾದುದು ಆ ಮೊಂಡ ಬೈರಿಗೆ. ಹರಿತವಾದ ಆಯುಧ ಲೋಹವನ್ನು ಕತ್ತರಿಸಿ ಮುಂದೆ ಹೋಗುತ್ತದೆ. ಮೊಂಡ ಆಯುಧ ಉಜ್ಜುತ್ತಾ ನಿಂತು ಶಾಖವನ್ನು ಹೆಚ್ಚು ಹುಟ್ಟಿಸುತ್ತದೆ.

ಸಾಣೆ ಚಕ್ರವೂ ಒಂದು ಆಯುಧವೇ. ಅದರ ಮೈ ತುಂಬ ಸಾವಿರಾರು ಸಣ್ಣ ಗಡುಸು ಹರಳುಗಳಿವೆ, ಒಂದೊಂದು ಹರಳೂ ಒಂದೊಂದು ಪುಟ್ಟ ಉಳಿ. ಆದರೆ ಇವು ಬಡಗಿಯ ಉಳಿಯಂತೆ ಒಂದೇ ಕೋನದಲ್ಲಿ ನಿಂತಿಲ್ಲ. ಕೆಲವು ಕತ್ತರಿಸುತ್ತವೆ, ಕೆಲವು ಗೀರುತ್ತವೆ, ಬಹಳಷ್ಟು ಬರಿದೇ ಉಜ್ಜುತ್ತವೆ. ಆದ್ದರಿಂದ ಒಂದು ಗ್ರಾಂ ಲೋಹ ತೆಗೆಯಲು ಲೇತ್ ಯಂತ್ರಕ್ಕಿಂತ ಸಾಣೆ ಚಕ್ರಕ್ಕೆ ಹಲವು ಪಟ್ಟು ಶಕ್ತಿ ಬೇಕು. ಆ ಶಕ್ತಿಯೆಲ್ಲ ಶಾಖವಾಗುತ್ತದೆ. ಒಣ ಸಾಣೆಯಲ್ಲಿ ಈ ಶಾಖದ ದೊಡ್ಡ ಪಾಲು ಕಿಡಿಯೊಡನೆ ಹೋಗದೆ ಬ್ಲೇಡಿನ ಮೈಗೇ ಇಳಿಯುತ್ತದೆ.

ಹರಳುಗಳು ಸವೆದು ನುಣುಪಾದ ಚಕ್ರ ರಂಫರ್ಡನ ಮೊಂಡ ಬೈರಿಗೆಯಂತೆಯೇ. ಚಕ್ರ ಗಾಜಿನಂತೆ ಹೊಳೆಯುತ್ತಿದ್ದರೆ, ಲೋಹದ ಪುಡಿ ತುಂಬಿ ಕಪ್ಪಗಿದ್ದರೆ ಅದು ಕತ್ತರಿಸುತ್ತಿಲ್ಲ, ಕಾಯಿಸುತ್ತಿದೆ. ಕತ್ತರಿಸುತ್ತಿಲ್ಲವೆಂದು ನೀವು ಇನ್ನಷ್ಟು ಒತ್ತಿ ಹಿಡಿದರೆ ಬ್ಲೇಡು ಕೆಟ್ಟಂತೆಯೇ. ಅಂತಹ ಚಕ್ರವನ್ನು ಡ್ರೆಸ್ಸರ್ ಎಂಬ ಸಾಧನದಿಂದ ಕೆರೆದು ಹೊಸ ಹರಳು ಮೇಲೆ ಬರುವಂತೆ ಮಾಡಬೇಕು.

ವೇಗವನ್ನೂ ಗಮನಿಸಿ. ನಿಮಿಷಕ್ಕೆ 2800 ಸುತ್ತು ತಿರುಗುವ 6 ಅಂಗುಲದ ಮೇಜಿನ ಸಾಣೆಯಲ್ಲಿ ಚಕ್ರದ ಅಂಚು ಸೆಕೆಂಡಿಗೆ ಸುಮಾರು 22 ಮೀಟರ್ ಓಡುತ್ತದೆ. ವೆಲ್ಡಿಂಗ್ ಅಂಗಡಿಯವರು ಬಳಸುವ 4 ಅಂಗುಲದ ಕೈ ಗ್ರೈಂಡರ್ 11,000 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ 57 ಮೀಟರಿಗಿಂತ ಹೆಚ್ಚು ಓಡುತ್ತದೆ. ಹಿಂದೆ ಸಾಣೆಯವರು ಕಾಲಿನಿಂದ ತುಳಿದು ನಿಧಾನವಾಗಿ ತಿರುಗಿಸುತ್ತಿದ್ದ ಚಕ್ರದಲ್ಲಿ, ನೀರು ಚಿಮುಕಿಸಿ ಮಸೆಯುವ ಕಲ್ಲಿನಲ್ಲಿ ಹದ ಕೆಡುವುದು ಕಷ್ಟವಿತ್ತು. ಇಂದಿನ ಯಂತ್ರದಲ್ಲಿ ಕೆಲಸ ಐದು ನಿಮಿಷದ್ದು, ಹದ ಕೆಡುವುದೂ ಅಷ್ಟೇ ಬೇಗ.

ಬಣ್ಣ ಹೇಳುವ ಮಾತು

ಕಾಯುವ ಉಕ್ಕಿನ ಮೇಲೆ ಗಾಳಿಯ ಆಮ್ಲಜನಕದಿಂದ ಬಹು ತೆಳುವಾದ ಪದರ ಮೂಡುತ್ತದೆ. ಪದರ ದಪ್ಪವಾಗುತ್ತಾ ಹೋದಂತೆ ಬೆಳಕು ಬೇರೆ ಬೇರೆ ಬಣ್ಣ ತೋರಿಸುತ್ತದೆ. ಸಾಮಾನ್ಯ ಇಂಗಾಲದ ಉಕ್ಕಿನಲ್ಲಿ, ನಿಧಾನವಾಗಿ ಕಾದಾಗ, ಬಣ್ಣಗಳು ಸುಮಾರು ಹೀಗೆ:

ಒಣಹುಲ್ಲಿನ ತಿಳಿ ಹಳದಿ: 220ರಿಂದ 230 ಡಿಗ್ರಿ
ಕಂದು: 255 ಡಿಗ್ರಿ
ನೇರಳೆ: 280 ಡಿಗ್ರಿ
ನೀಲಿ: 300 ಡಿಗ್ರಿ
ಬೂದು ಮಿಶ್ರಿತ ನೀಲಿ: 330 ಡಿಗ್ರಿ ಮತ್ತು ಮೇಲೆ

ಸಾಣೆಯಲ್ಲಿ ಶಾಖ ತಾಗುವುದು ಕ್ಷಣಮಾತ್ರವಾದ್ದರಿಂದ ಇದೇ ಬಣ್ಣ ಮೂಡಲು ಇದಕ್ಕಿಂತ ಹೆಚ್ಚಿನ ಉಷ್ಣಾಂಶವೇ ಆಗಿರುತ್ತದೆ. ಉಷ್ಣಾಂಶ ಮತ್ತು ಹೊತ್ತು ಎರಡೂ ಸೇರಿಯೇ ಲೆಕ್ಕ ಎಂಬುದು ಹೈನುಗಾರರಿಗೆ ಹೊಸ ಮಾತಲ್ಲ. ಹಾಲನ್ನು 63 ಡಿಗ್ರಿಯಲ್ಲಿ 30 ನಿಮಿಷ ಇಟ್ಟರೂ, 72 ಡಿಗ್ರಿಯಲ್ಲಿ 15 ಸೆಕೆಂಡು ಇಟ್ಟರೂ ಪಾಶ್ಚರೀಕರಣವಾಗುತ್ತದೆ. ಉಷ್ಣಾಂಶ ಏರಿದರೆ ಹೊತ್ತು ಕಡಿಮೆ ಸಾಕು. ಉಕ್ಕಿನ ಹದ ಇಳಿಯುವುದಕ್ಕೂ ಇದೇ ನಿಯಮ.

ತಿಳಿ ಹಳದಿ ಕಂಡರೆ ಅದು ಎಚ್ಚರಿಕೆ. ಕಂದು, ನೇರಳೆ ಕಂಡರೆ ಕೈ ನಿಲ್ಲಿಸಿ. ನೀಲಿ ಕಂಡರೆ ಆ ಜಾಗದ ಹದ ಹೋಯಿತೆಂದೇ ತಿಳಿಯಿರಿ. ಮೆತ್ತಗಾದ ಅಂಚು ನೋಡಲು ಫಳಫಳ ಹರಿತವಾಗಿರುತ್ತದೆ, ಎರಡು ಹೊರೆ ದಂಟು ಕತ್ತರಿಸುವಷ್ಟರಲ್ಲಿ ಮಡಚಿಕೊಳ್ಳುತ್ತದೆ. ಮೂರನೆಯ ದಿನ ಬ್ಲೇಡು ಮೊಂಡಾಗುವ ಗುಟ್ಟು ಇದು.

ನೀಲಿಯನ್ನು ಉಜ್ಜಿ ತೆಗೆದರೆ ಸಾಲದೇ?

ಸಾಲದು. ಬಣ್ಣ ಇರುವುದು ಮೇಲಿನ ಪದರದಲ್ಲಿ, ಹದ ಕೆಟ್ಟಿರುವುದು ಅದರ ಕೆಳಗೂ. ಉಜ್ಜು ಕಾಗದದಿಂದ ತಿಕ್ಕಿ ಬೆಳ್ಳಗೆ ಮಾಡಿದರೆ ಗುರುತು ಅಳಿಸಿತೇ ಹೊರತು ರೋಗ ವಾಸಿಯಾಗಲಿಲ್ಲ. ಜ್ವರದ ರಾಸುವಿನ ಮೈ ಮೇಲೆ ತಣ್ಣೀರು ಸುರಿದು ಜ್ವರ ಇಳಿಯಿತೆಂದ ಹಾಗೆ. ನೀಲಿಯಾದ ಭಾಗವನ್ನು ತಣ್ಣಗೆ, ನಿಧಾನವಾಗಿ ಸವೆಸಿ, ಅದರ ಹಿಂದಿನ ಒಳ್ಳೆಯ ಉಕ್ಕು ಅಂಚಿಗೆ ಬರುವವರೆಗೂ ಹೋಗಬೇಕು. ಅದಕ್ಕೆ ಬ್ಲೇಡಿನ ಅಗಲ ಸವೆಯುತ್ತದೆ. ಒಂದು ಸಲದ ಆತುರಕ್ಕೆ ಬ್ಲೇಡಿನ ಆಯುಸ್ಸಿನಲ್ಲಿ ಒಂದು ಪಾಲು ತೆರಬೇಕಾಗುತ್ತದೆ.

ನೀಲಿಯಾದ ಕೂಡಲೇ ನೀರಿಗೆ ಅದ್ದಿದರೆ ಹದ ಮರಳುವುದೇ ಎಂದು ಹಲವರು ಕೇಳುತ್ತಾರೆ. ಮರಳುವುದಿಲ್ಲ. ಉಕ್ಕು ಮತ್ತೆ ಗಟ್ಟಿಯಾಗಬೇಕಾದರೆ ಸುಮಾರು 730 ಡಿಗ್ರಿ ಮೀರಿ ಕೆಂಪಗೆ ಕಾದಿರಬೇಕು. 300 ಡಿಗ್ರಿಯಿಂದ ತಣಿಸಿದರೆ ಮೆತ್ತಗಾದುದು ಮೆತ್ತಗೇ ಉಳಿಯುತ್ತದೆ.

ಇನ್ನೊಂದು ಅಪಾಯ ಇದಕ್ಕಿಂತ ಕೆಟ್ಟದ್ದು. ಬಲವಾಗಿ ಒತ್ತಿದಾಗ ಅಂಚಿನ ಒಂದು ತೆಳು ಪದರ ಕ್ಷಣಕಾಲ ಆ 730 ಡಿಗ್ರಿಯನ್ನೂ ಮೀರಬಹುದು. ಚಕ್ರ ಮುಂದೆ ಸರಿದೊಡನೆ ಬ್ಲೇಡಿನ ತಣ್ಣನೆಯ ಒಳಮೈ ಆ ಶಾಖವನ್ನು ಎಳೆದುಕೊಳ್ಳುತ್ತದೆ, ಅಥವಾ ನೀವೇ ನೀರಿಗೆ ಅದ್ದುತ್ತೀರಿ. ಆಗ ಮೇಲ್ಪದರ ಗಾಜಿನಂತೆ ಬಿರುಸಾಗುತ್ತದೆ, ಅದರ ಕೆಳಗಿನ ಪದರ ಮೆತ್ತಗಾಗಿರುತ್ತದೆ. ಕೂದಲೆಳೆಯಂತಹ ಬಿರುಕುಗಳು ಹುಟ್ಟುತ್ತವೆ. ಮೇವಿನಲ್ಲಿ ಒಂದು ಕಲ್ಲಿನ ಹರಳು ಬಂದರೆ ಸಾಕು, ಅಂಚಿನ ಚೂರು ಎದ್ದು ಮೇವಿನೊಡನೆ ಹೋಗುತ್ತದೆ.

ಹದ ಪರೀಕ್ಷಿಸುವ ಸುಲಭ ಕ್ರಮವೊಂದಿದೆ. ಒಳ್ಳೆಯ ಅರದ ಮೂಲೆಯಿಂದ ಅಂಚಿನ ಪಕ್ಕ ಹಗುರವಾಗಿ ಎಳೆಯಿರಿ. ಹದವಿರುವ ಕಡೆ ಅರ ಜಾರುತ್ತದೆ, ಹದ ಕೆಟ್ಟ ಕಡೆ ಕಚ್ಚಿ ಗೀರು ಮಾಡುತ್ತದೆ. ಬ್ಲೇಡಿನ ಉದ್ದಕ್ಕೂ ನಾಲ್ಕಾರು ಕಡೆ ಹೀಗೆ ನೋಡಿದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಹರಿಹರದ ಲೇತ್, ದಾವಣಗೆರೆಯ ನೂಲು

ಈ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಕಾರ್ಖಾನೆ ಈಗ ಇಲ್ಲ. ಅಲ್ಲಿ ದುಡಿದವರು ನಿಮ್ಮ ಊರಿನಲ್ಲಿದ್ದರೆ ಗ್ರೈಂಡಿಂಗ್ ವಿಭಾಗದ ಕೆಲಸ ಹೇಗೆಂದು ಕೇಳಿ ನೋಡಿ. ಲೇತ್ ತಯಾರಿಸುವ ಯಾವ ಕಾರ್ಖಾನೆಯಲ್ಲಿಯೂ ಭಾಗಗಳಿಗೆ ಕೊನೆಯ ನಯ ಮತ್ತು ಅಳತೆ ಬರುವುದು ಗ್ರೈಂಡಿಂಗಿನಿಂದ. ಅಲ್ಲಿ ಚಕ್ರ ಒಂದು ಸಲಕ್ಕೆ ತೆಗೆಯುವುದು ಮಿಲಿಮೀಟರಿನ ನೂರನೆಯ ಒಂದೆರಡು ಭಾಗ ಮಾತ್ರ. ಚಕ್ರ ತಾಗುವ ಜಾಗದ ಮೇಲೆ ಕೂಲಂಟ್ ಎಂಬ ಬಿಳಿಯ ದ್ರವ ಸದಾ ಸುರಿಯುತ್ತಿರುತ್ತದೆ. ನೋಡಲು ಹಾಲಿನಂತೆಯೇ ಇರುತ್ತದೆ, ಕಾರಣವೂ ಅದೇ: ಹಾಲಿನಲ್ಲಿ ಕೊಬ್ಬಿನ ಕಣಗಳು ನೀರಿನಲ್ಲಿ ತೇಲುವಂತೆ ಇದರಲ್ಲಿ ಎಣ್ಣೆಯ ಕಣಗಳು ತೇಲುತ್ತವೆ. ನೀರು ಶಾಖವನ್ನು ಒಯ್ಯುತ್ತದೆ, ಎಣ್ಣೆ ಉಜ್ಜಾಟವನ್ನು ಕಡಿಮೆ ಮಾಡುತ್ತದೆ.

ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದ ಹತ್ತಿ ಗಿರಣಿಗಳ ಕಸುಬಿನಲ್ಲಿಯೂ ಇದೇ ಪಾಠವಿತ್ತು. ಹತ್ತಿಯನ್ನು ಬಾಚುವ ಕಾರ್ಡಿಂಗ್ ಯಂತ್ರದ ಉರುಳೆಗಳಿಗೆ ಸೂಜಿಯಂತಹ ತಂತಿ ಹಲ್ಲುಗಳು. ಅವು ಮೊಂಡಾದಾಗ ಎಮೆರಿ ಸುತ್ತಿದ ಉರುಳೆಯನ್ನು ತಾಗಿತೋ ಇಲ್ಲವೋ ಎಂಬಷ್ಟು ಹಗುರವಾಗಿ ತಾಗಿಸಿ ಮಸೆಯುವುದು ಗಿರಣಿ ಕಸುಬಿನ ಕ್ರಮ. ಒತ್ತಿದರೆ ಹಲ್ಲು ಕೆಟ್ಟು ನೂಲು ಕೆಡುತ್ತದೆ.

ವಿಜ್ಞಾನದ ಕಡೆಯಿಂದ ಇದಕ್ಕೆ ಲೆಕ್ಕ ಕೊಟ್ಟವರು ಆಸ್ಟ್ರೇಲಿಯಾದ ಜೆ. ಸಿ. ಯೇಗರ್. ಚಲಿಸುವ ಶಾಖದ ಮೂಲದ ಕೆಳಗೆ ಮೇಲ್ಮೈ ಎಷ್ಟು ಕಾಯುತ್ತದೆ ಎಂಬುದನ್ನು ಅವರು 1942ರಲ್ಲಿ ಗಣಿತದಿಂದ ತೋರಿಸಿದರು. 1952ರಲ್ಲಿ ಅಮೆರಿಕದ ಔಟ್‌ವಾಟರ್ ಮತ್ತು ಶಾ ಎಂಬುವರು ಅದೇ ವಿಚಾರವನ್ನು ಗ್ರೈಂಡಿಂಗಿಗೆ ಅನ್ವಯಿಸಿದರು. ನಮಗೆ ಬೇಕಾದ ಸಾರ ಇಷ್ಟು: ಶಾಖದ ಮೂಲ ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಆ ಜಾಗದ ಉಷ್ಣಾಂಶ ಏರುತ್ತದೆ. ಆದುದರಿಂದ ಕೈ ಸದಾ ಸರಿಯುತ್ತಿರಬೇಕು.

ಹಗುರ ಕೈ, ಹೊಸ ಹರಳು, ನೀರು, ನಿಲ್ಲದ ಚಲನೆ. ಕಾರ್ಖಾನೆ ಮಾಡುವ ಈ ನಾಲ್ಕನ್ನೂ ನಾವು ನಮ್ಮ ಅಂಗಳದಲ್ಲಿ ಮಾಡಬಹುದು.

ಸಾಣೆ ಹಿಡಿಯುವ ಸರಿಯಾದ ಕ್ರಮ

1. ಮೊದಲು ಯಂತ್ರದ ಪ್ಲಗ್ಗನ್ನೇ ಕಿತ್ತಿಡಿ, ಸ್ವಿಚ್ಚು ಆರಿಸಿದರೆ ಸಾಲದು. ಗಾಲಿ ಅಲುಗದಂತೆ ಮರದ ತುಂಡು ಸಿಕ್ಕಿಸಿ ಬ್ಲೇಡು ಬಿಚ್ಚಿ. ಬ್ಲೇಡನ್ನು ಯಂತ್ರದಲ್ಲಿಯೇ ಬಿಟ್ಟು ಕೈ ಗ್ರೈಂಡರಿನಿಂದ ಉಜ್ಜಬೇಡಿ.

2. ಉಕ್ಕಿಗೆ ಅಲ್ಯೂಮಿನಿಯಂ ಆಕ್ಸೈಡಿನ ಚಕ್ರ ಸರಿ. 46 ಅಥವಾ 60 ನಂಬರಿನ ಹರಳು ಸಾಕು. ಚಕ್ರ ನುಣುಪಾಗಿದ್ದರೆ ಡ್ರೆಸ್ಸರ್ ಆಡಿಸಿ. ಕೈ ಗ್ರೈಂಡರಿಗೆ ಹಾಕುವ ತೆಳ್ಳನೆಯ ಕತ್ತರಿಸುವ ಚಕ್ರದ ಪಕ್ಕದಿಂದ ಎಂದೂ ಉಜ್ಜಬೇಡಿ, ಅದು ಒಡೆದು ಸಿಡಿಯುತ್ತದೆ.

3. ಕಣ್ಣಿಗೆ ಕನ್ನಡಕ ಕಡ್ಡಾಯ. ಹೆಗಲ ಮೇಲಿನ ಟವೆಲು, ಸಡಿಲ ತೋಳು, ಜೋಲುವ ಸೆರಗು ಬೇಡ. ತಿರುಗುವ ಚಕ್ರದ ಬಳಿ ಬಟ್ಟೆಯ ಕೈಗವಸೂ ಬೇಡ, ಸಿಕ್ಕಿದರೆ ಕೈಯನ್ನೇ ಎಳೆಯುತ್ತದೆ. ಬ್ಲೇಡು ಇಡುವ ಆಸರೆಗೂ ಚಕ್ರಕ್ಕೂ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು. ಯಂತ್ರ ಚಾಲು ಮಾಡುವಾಗ ಚಕ್ರದ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ.

4. ಪಕ್ಕದಲ್ಲಿ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಡಿ. ತಿರುಗುವ ಯಂತ್ರದ ಮೇಲೆ ನೀರು ಸುರಿಯಬೇಡಿ, ವಿದ್ಯುತ್ತಿದೆ. ಬ್ಲೇಡನ್ನೇ ನೀರಿಗೆ ಅದ್ದಿ ತರಬೇಕು. ಕೈ ಒರೆಸಿಕೊಂಡು ಮುಂದುವರಿಯಿರಿ.

5. ಇಳಿಜಾರು ಇರುವ ಮುಖವನ್ನು ಮಾತ್ರ ಮಸೆಯಿರಿ. ಚಪ್ಪಟೆ ಮುಖ ಮುಟ್ಟಬೇಡಿ. ಮೊದಲಿದ್ದ ಇಳಿಜಾರನ್ನೇ ಉಳಿಸಿ, ಹೆಚ್ಚು ತೆಳ್ಳಗೆ ಮಾಡಿದರೆ ಅಂಚು ಬೇಗ ಸುಡುತ್ತದೆ, ಬೇಗ ಮಡಚುತ್ತದೆ.

6. ಬ್ಲೇಡನ್ನು ಚಕ್ರಕ್ಕೆ ಹಗುರವಾಗಿ ತಾಗಿಸಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಲ್ಲಿಸದೆ ಸರಿಸಿ. ಒಂದೆರಡು ಎಳೆತ, ಒಂದು ಅದ್ದು. ಬ್ಲೇಡು ಬಿಸಿಯಾದ ಮೇಲೆ ಅದ್ದುವುದಲ್ಲ, ಬಿಸಿಯಾಗುವ ಮುಂಚೆಯೇ ಅದ್ದುವುದು.

7. ನೀರಿನ ಹನಿಯೇ ನಿಮ್ಮ ಥರ್ಮಾಮೀಟರು. ಅದ್ದಿ ತೆಗೆದಾಗ ಬ್ಲೇಡಿನ ಮೇಲ್ಮುಖದಲ್ಲಿ, ಅಂಚಿನ ಹತ್ತಿರ, ನೀರಿನ ತೇವ ಉಳಿಯಲಿ. ದೋಸೆ ಹುಯ್ಯುವವರು ಕಾವಲಿಗೆ ನೀರು ಚಿಮುಕಿಸಿ ಕಾವು ನೋಡುವಂತೆ, ಆ ತೇವವನ್ನೇ ನೋಡುತ್ತಿರಿ. ನೀರು ಕುದಿಯುವುದು 100 ಡಿಗ್ರಿಗೆ. ತೇವ ಇರುವವರೆಗೆ ಆ ಜಾಗ ಅದನ್ನು ಮೀರಿಲ್ಲ. ಚುಯ್ ಎಂದು ಆರಿದೊಡನೆ ಕೈ ತೆಗೆದು ಅದ್ದಿ. ಒಂದು ಗ್ರಾಂ ನೀರು ಆವಿಯಾಗುವಾಗ 540 ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಬೆರಳಿಗೆ ಬಿಸಿ ತಟ್ಟುವವರೆಗೂ ಕಾಯಬೇಡಿ. ಬೆರಳಿರುವುದು ದಪ್ಪ ಭಾಗದಲ್ಲಿ, ಅಲ್ಲಿಗೆ ಬಿಸಿ ಬರುವಷ್ಟರಲ್ಲಿ ಅಂಚು ಸುಟ್ಟಿರುತ್ತದೆ.

8. ಎರಡು ಬ್ಲೇಡಿನ ಯಂತ್ರದಲ್ಲಿ ಎರಡನ್ನೂ ಸಮನಾಗಿ ಮಸೆಯಿರಿ. ಒಂದು ಸವೆದು ಹಗುರವಾದರೆ ಗಾಲಿ ನಡುಗುತ್ತದೆ, ಬೋಲ್ಟು ಸಡಿಲವಾಗುತ್ತದೆ.

9. ಸಾಣೆಯಾದ ಮೇಲೆ ಚಪ್ಪಟೆ ಮುಖದ ಅಂಚಿನಲ್ಲಿ ಎದ್ದಿರುವ ತಂತಿಯಂತಹ ಬಿರುಸನ್ನು ಎಣ್ಣೆಕಲ್ಲಿನ ಮೇಲೆ ಹಗುರವಾಗಿ ತಿಕ್ಕಿ ತೆಗೆಯಿರಿ. ಬಿಟ್ಟರೆ ಅದು ಮೊದಲ ದಿನವೇ ಮುರಿದು ಮೇವಿಗೆ ಬೀಳುತ್ತದೆ. ಬ್ಲೇಡನ್ನು ತೊಳೆದು, ಒರೆಸಿ, ತುಕ್ಕು ಹಿಡಿಯದಂತೆ ಅಡಿಗೆ ಎಣ್ಣೆಯ ತೆಳು ಲೇಪ ಕೊಡಿ. ಮೇವು ತಾಗುವ ಜಾಗಕ್ಕೆ ಎಂಜಿನ್ನಿನ ಹಳೆಯ ಎಣ್ಣೆ ಹಚ್ಚಬಾರದು.

10. ಮತ್ತೆ ಜೋಡಿಸುವಾಗ ಬ್ಲೇಡಿಗೂ ಎದುರಿನ ಉಕ್ಕಿನ ಪಟ್ಟಿಗೂ ನಡುವೆ ಕಾಗದ ಸರಿಯುವಷ್ಟು ಸಂದು ಇರಲಿ. ಕೈಯಿಂದ ಗಾಲಿ ಒಂದು ಸುತ್ತು ತಿರುಗಿಸಿ ಎಲ್ಲಿಯೂ ಲೋಹಕ್ಕೆ ಲೋಹ ತಾಗುವುದಿಲ್ಲವೆಂದು ನೋಡಿ, ಮುಚ್ಚಳ ಹಾಕಿದ ನಂತರವೇ ವಿದ್ಯುತ್ ಕೊಡಿ.

ಪೂರ್ತಿ ಮೊಂಡಾಗುವವರೆಗೆ ಕಾಯದಿರುವುದೂ ಒಂದು ಜಾಣತನ. ಕತ್ತರಿಸಿದ ದಂಟಿನ ಮುಖ ನಯವಾಗಿರುವುದು ಬಿಟ್ಟು ನಾರು ನಾರಾಗಿ ಕಂಡ ಕೂಡಲೇ ಬ್ಲೇಡು ಬಿಚ್ಚಿ ಎಣ್ಣೆಕಲ್ಲಿನಿಂದ ನಾಲ್ಕು ಸಲ ಮಸೆದರೆ ಯಂತ್ರದ ಸಾಣೆಯ ಸರದಿ ದೂರ ಹೋಗುತ್ತದೆ. ಕೈಯಿಂದ ಮಸೆಯುವುದರಲ್ಲಿ ಹದ ಕೆಡುವ ಭಯವೇ ಇಲ್ಲ.

ಅಂಗಡಿಗೆ ಕೊಟ್ಟು ಮಾಡಿಸುವವರು ಪಕ್ಕದಲ್ಲಿ ನಿಂತು ನೋಡಿ. "ನೀರು ಅದ್ದಿ ಮಾಡಿ, ನೀಲಿಯಾಗಬಾರದು" ಎಂದು ಮೊದಲೇ ಹೇಳಿ.

ಚೂರು ಹೊಟ್ಟೆಗೆ ಹೋದರೆ

ರಾಸು ತುಟಿಯಿಂದ ಆರಿಸಿ ತಿನ್ನುವ ಪ್ರಾಣಿಯಲ್ಲ. ನಾಲಿಗೆಯಿಂದ ಬಾಚಿ, ಅರ್ಧಂಬರ್ಧ ಅಗಿದು ನುಂಗಿ, ಆಮೇಲೆ ಮೆಲುಕು ಹಾಕುತ್ತದೆ. ಲೋಹದ ಚೂರು ಭಾರವಾದ್ದರಿಂದ ಜೇನುಗೂಡಿನಂತೆ ಕಾಣುವ ಎರಡನೆಯ ಹೊಟ್ಟೆಯಲ್ಲಿ ಹೋಗಿ ಕೂರುತ್ತದೆ. ಆ ಹೊಟ್ಟೆ ಪದೇ ಪದೇ ಕುಗ್ಗುತ್ತದೆ, ಚೂಪಾದ ಚೂರು ಗೋಡೆಗೆ ಚುಚ್ಚಿಕೊಳ್ಳುತ್ತದೆ. ಅದರ ಮುಂದೆಯೇ ವಪೆ, ವಪೆಯ ಆಚೆ ಹೃದಯ. ನಡುವಿನ ಅಂತರ ಕೆಲವೇ ಸೆಂಟಿಮೀಟರು.

ಹೀಗೆ ತೊಂದರೆ ಕೊಡುವ ಲೋಹದಲ್ಲಿ ಮೊಳೆ ಮತ್ತು ತಂತಿಯ ಪಾಲೇ ಹೆಚ್ಚು. ಅಲ್ಲಿಯೂ ನಮ್ಮ ಯಂತ್ರದ ಪಾತ್ರವಿದೆ. ಮೇವಿನ ಹೊರೆಗೆ ಕಟ್ಟಿದ ಉದ್ದ ತಂತಿಯನ್ನು ರಾಸು ನುಂಗಲಾರದು, ಯಂತ್ರ ಅದನ್ನು ಅಂಗುಲದ ಚೂಪು ತುಂಡುಗಳಾಗಿ ಮಾಡಿ ಬಡಿಸುತ್ತದೆ. ಆ ತಂತಿಯೇ ಬ್ಲೇಡಿನ ಅಂಚನ್ನೂ ಹಾರಿಸುತ್ತದೆ. ಹೊರೆಯನ್ನು ಹುಲ್ಲಿನ ಹುರಿಯಿಂದಲೋ ಹಗ್ಗದಿಂದಲೋ ಕಟ್ಟಿ. ಕತ್ತರಿಸಿದ ಮೇವು ಬೀಳುವ ದಾರಿಯಲ್ಲಿ ಬಲವಾದ ಒಂದು ಅಯಸ್ಕಾಂತ ಇಟ್ಟು ದಿನವೂ ಒರೆಸಿದರೆ ಕಬ್ಬಿಣದ ಚೂರುಗಳು ಅಲ್ಲಿಯೇ ಸಿಗುತ್ತವೆ. ಸಾಣೆ ಹಿಡಿದ ಜಾಗದ ಲೋಹದ ಪುಡಿಯನ್ನು ಗುಡಿಸಿ ಹೊರಗೆ ಹಾಕಿ.

ರಾಸು ಇದ್ದಕ್ಕಿದ್ದಂತೆ ಮೇವು ಬಿಟ್ಟರೆ, ಹಾಲು ಒಮ್ಮೆಲೇ ಇಳಿದರೆ, ಮೆಲುಕು ನಿಂತರೆ, ಬೆನ್ನು ಬಿಲ್ಲಿನಂತೆ ಬಾಗಿಸಿ ಮೊಣಕೈಗಳನ್ನು ಹೊರಕ್ಕೆ ಚಾಚಿ ನಿಂತರೆ, ಇಳಿಜಾರಿನಲ್ಲಿ ಇಳಿಯುವಾಗ ನರಳಿದರೆ ಕೂಡಲೇ ಪಶುವೈದ್ಯರಿಗೆ ತೋರಿಸಿ. ಬರಿಯ ಅಜೀರ್ಣವೆಂದು ಮನೆಮದ್ದು ಮಾಡುತ್ತಾ ದಿನ ಕಳೆಯಬೇಡಿ. ಗಂಗೆದೊಗಲಿನಲ್ಲಿ ನೀರು ತುಂಬಿ, ಕತ್ತಿನ ರಕ್ತನಾಳ ಉಬ್ಬಿದ ಮೇಲೆ ಬಂದರೆ ವೈದ್ಯರ ಕೈಯಲ್ಲಿ ಮಾಡುವುದು ಹೆಚ್ಚು ಉಳಿದಿರುವುದಿಲ್ಲ. ಆರಂಭದಲ್ಲಿಯೇ ಬಂದರೆ ಔಷಧಿ, ನುಂಗಿಸುವ ಅಯಸ್ಕಾಂತ, ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆ ಇವುಗಳಿಂದ ಎಷ್ಟೋ ರಾಸುಗಳು ಉಳಿಯುತ್ತವೆ.

ಸದಸ್ಯರು ಕೇಳುವ ಪ್ರಶ್ನೆಗಳು

ಪ್ರಶ್ನೆ: ಬಣ್ಣವೇ ಬಂದಿಲ್ಲ. ಹಾಗಾದರೆ ಹದ ಕೆಟ್ಟಿಲ್ಲವೆಂದು ತಿಳಿಯಬಹುದೇ?

ಉತ್ತರ: ಖಚಿತವಾಗಿ ಹೇಳಲಾಗದು. ಕೊನೆಯ ಹಗುರ ಎಳೆತದಲ್ಲಿ ಬಣ್ಣದ ಪದರ ಹಾರಿಹೋಗಿರಬಹುದು. ಕಾರ್ಖಾನೆಯವರು ದುರ್ಬಲ ಆಮ್ಲ ಸವರಿ ಸುಟ್ಟ ಕಲೆಗಳನ್ನು ಪತ್ತೆ ಹಚ್ಚುತ್ತಾರೆ. ನಮಗೆ ಅರದ ಪರೀಕ್ಷೆ ಸಾಕು.

ಪ್ರಶ್ನೆ: ಕೆಟ್ಟ ಬ್ಲೇಡಿಗೆ ಕುಲುಮೆಯಲ್ಲಿ ಮತ್ತೆ ಹದ ಕೊಡಿಸಬಹುದೇ?

ಉತ್ತರ: ಬಲ್ಲ ಕಮ್ಮಾರರಿಂದ ಸಾಧ್ಯ. ಆದರೆ ಬ್ಲೇಡು ಸೊಟ್ಟಗಾಗುವ ಸಂಭವವಿದೆ, ಸೊಟ್ಟ ಬ್ಲೇಡು ವೇಗದ ಗಾಲಿಯಲ್ಲಿ ಅಪಾಯ. ವಿದ್ಯುತ್ ಯಂತ್ರವಾದರೆ ಹೊಸ ಜೋಡಿ ಹಾಕುವುದೇ ಲೇಸು.

ಪ್ರಶ್ನೆ: ಬಿರುಕು ಬಿಟ್ಟ ಬ್ಲೇಡನ್ನು ವೆಲ್ಡ್ ಮಾಡಿಸಬಹುದೇ?

ಉತ್ತರ: ಬೇಡವೇ ಬೇಡ. ವೆಲ್ಡಿಂಗಿನ ಶಾಖದಿಂದ ಸುತ್ತಲಿನ ಉಕ್ಕು ಒಂದು ಕಡೆ ಬಿರುಸು, ಇನ್ನೊಂದು ಕಡೆ ಮೆತ್ತಗೆ ಆಗುತ್ತದೆ. ಓಡುವಾಗ ಮುರಿದರೆ ತುಂಡು ಎದುರಿಗಿದ್ದವರ ಮೇಲೆ ಹಾರುತ್ತದೆ.

ಬಂಧುಗಳೇ, ಸಂಘದ ಹಾಲಿನ ಡಬರಿಗೆ ಬೀಳುವ ಒಂದೊಂದು ಲೀಟರಿನ ಹಿಂದೆಯೂ ಚೆನ್ನಾಗಿ ಕತ್ತರಿಸಿದ ಮೇವಿದೆ. ಮುಂದಿನ ಸಲ ಬ್ಲೇಡು ಬಿಚ್ಚಿದಾಗ ಮೊದಲು ಒಂದು ಪಾತ್ರೆ ನೀರು ತಂದಿಟ್ಟುಕೊಳ್ಳಿ, ಆಮೇಲೆ ಚಕ್ರ ಚಾಲು ಮಾಡಿ. ಅರದ ಪರೀಕ್ಷೆಯಲ್ಲಿ ಅನುಮಾನ ಬಂದರೆ ಬ್ಲೇಡನ್ನು ನಿಮ್ಮ ಸಂಘಕ್ಕೆ ತನ್ನಿ, ವಿಸ್ತರಣಾ ಸಿಬ್ಬಂದಿ ಭೇಟಿಯ ದಿನ ಎಲ್ಲರೂ ಕೂಡಿ ನೋಡೋಣ.